ಕ್ಯೂಆರ್ ಅಂಟಿಸುವ ಮುಂಚೆ ರಸೀದಿ ರೆಡಿ ಇರಲಿ: ಸಣ್ಣ ಸಂಸ್ಥೆಗಳು ಆನ್‌ಲೈನ್‌ನಲ್ಲಿ ದೇಣಿಗೆ ಎತ್ತುವುದು ಹೇಗೆ?

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಟ್ರಸ್ಟ್. ಸಂಜೆ ಮಕ್ಕಳಿಗೆ ಪಾಠ, ಪಕ್ಕದಲ್ಲೇ ಒಂದು ಪುಟ್ಟ ಲೈಬ್ರರಿ, ಇಷ್ಟೇ ಕೆಲಸ. ಖಜಾಂಚಿ ಯಾರಾಗಬೇಕು ಅನ್ನುವ ಮೀಟಿಂಗ್ ನಡೆಯುವಾಗ ನಾನು ಟೀ ಹೇಳಲು ಹೊರಗೆ ಹೋಗಿದ್ದೆ. ಒಳಗೆ ಬರುವಷ್ಟರಲ್ಲಿ ನನ್ನನ್ನೇ ಖಜಾಂಚಿ ಮಾಡಿಬಿಟ್ಟಿದ್ದರು. ಆನ್‌ಲೈನ್ ದೇಣಿಗೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆಮೇಲೆ ಎಡವಿ ಎಡವಿ ಕಲಿತದ್ದು.

ನಾವು ಮೊದಲು ಮಾಡಿದ್ದು ವೆಬ್‌ಸೈಟ್. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ. ಮೇಲೆ ದೊಡ್ಡ ಫೋಟೋ, ಕೆಳಗೆ ಕೆಂಪು ಬಣ್ಣದ 'ದೇಣಿಗೆ ನೀಡಿ' ಬಟನ್. ಆ ಬಟನ್‌ನಿಂದ ಮೊದಲ ವರ್ಷ ಬಂದದ್ದು ಒಂದೇ ಒಂದು ರೂಪಾಯಿ. ಅದೂ ನಮ್ಮ ಕಾರ್ಯದರ್ಶಿಯವರ ಅಳಿಯ, ಕೆಲಸ ಮಾಡ್ತಿದೆಯಾ ನೋಡೋಣ ಅಂತ ಕಳಿಸಿದ್ದು.

ಬಟನ್ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ನಿಮ್ಮ ಮುಖ ಗೊತ್ತಿದ್ದವರು ಕೊಡುತ್ತಾರೆ, ಅವರು ಹೇಳಿದ್ದಕ್ಕೆ ಅವರ ಸ್ನೇಹಿತರು ಕೊಡುತ್ತಾರೆ. ಟೆಕ್ನಾಲಜಿ ಇರುವುದು ಕೊಡುವವರಿಗೆ ದಾರಿ ಸಲೀಸು ಮಾಡುವುದಕ್ಕೆ, ಕೊಟ್ಟ ಮೇಲೆ ಮರೆಯದೆ ಲೆಕ್ಕ ಒಪ್ಪಿಸುವುದಕ್ಕೆ. ಹಾಗಾಗಿ ನಾನು ಹೇಳುವುದು ಉಲ್ಟಾ ಕ್ರಮ. ರಸೀದಿಯಿಂದ ಶುರು ಮಾಡಿ, ವೆಬ್‌ಸೈಟ್ ಕೊನೆಗೆ ಬರಲಿ.

ಮೊದಲು ಬೀರು ತೆಗೆದು ಕಾಗದಪತ್ರ ನೋಡಿ

ನಿಮ್ಮದು ಟ್ರಸ್ಟ್ ಇರಬಹುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಸಂಘ ಇರಬಹುದು, ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿ ಇರಬಹುದು. ಯಾವುದಾದರೂ ಸರಿ, ಆನ್‌ಲೈನ್‌ಗೆ ಬರುವ ಮುಂಚೆ ನಾಲ್ಕು ಕಾಗದ ಬೇಕು: ಸಂಸ್ಥೆಯ ಹೆಸರಿನ ಪ್ಯಾನ್, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, 12ಎಬಿ ನೋಂದಣಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ಅನುಮೋದನೆ (ಕೊಟ್ಟವರಿಗೆ ತೆರಿಗೆ ವಿನಾಯಿತಿ). ಜೊತೆಗೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಒಂದು ಐಡಿ ಮಾಡಿಸಿಟ್ಟುಕೊಳ್ಳಿ, ಕೇಳುವವರು ಜಾಸ್ತಿ ಆಗಿದ್ದಾರೆ.

ಇದರಲ್ಲಿ ಎಲ್ಲರೂ ಮುಗ್ಗರಿಸುವುದು 12ಎಬಿ ಮತ್ತು 80ಜಿ ವಿಷಯದಲ್ಲಿ. ಹಿಂದೆ 12ಎಬಿ ಬದಲು 12ಎ ಇತ್ತು, ಅದು ಒಂದು ಸಲ ಸಿಕ್ಕಿದರೆ ಆಯಿತು, ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿ ಮರೆಯಬಹುದಿತ್ತು. 2021ರ ಏಪ್ರಿಲ್‌ನಿಂದ ಹಾಗಿಲ್ಲ. ಹೊಸ ಸಂಸ್ಥೆಗೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಸಾಮಾನ್ಯವಾಗಿ 5 ವರ್ಷದ್ದು (ಸಣ್ಣ ಸಂಸ್ಥೆಗಳ 12ಎಬಿ ಮಾತ್ರ 2025ರ ಏಪ್ರಿಲ್‌ನಿಂದ 10 ವರ್ಷದ್ದು). ಮುಗಿಯುವ 6 ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬೇಕು. 2021ರಲ್ಲಿ ಹೊಸದಾಗಿ ಮಾಡಿಸಿದ ಹಳೇ ಸಂಸ್ಥೆಗಳಲ್ಲಿ ಬಹುಪಾಲಿನವು 2026ರ ಮಾರ್ಚ್‌ಗೆ ಮುಗಿಯುವಂಥವು. ನಿಮ್ಮದು ಯಾವಾಗ ಅಂತ ಇವತ್ತೇ ತೆಗೆದು ನೋಡಿ, ನಿಜವಾಗಲೂ. ಇನ್ನೊಂದು ಮಾತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಹೊಸ ಸೆಕ್ಷನ್ ನಂಬರುಗಳು. ನಾನಿಲ್ಲಿ ಬಳಸುತ್ತಿರುವುದು ಎಲ್ಲರ ಬಾಯಲ್ಲಿರುವ ಹಳೇ ಹೆಸರುಗಳನ್ನೇ. ಫಾರಂ ತುಂಬುವ ದಿನ ಆಡಿಟರ್‌ಗೆ ಒಂದು ಫೋನ್ ಮಾಡಿ.

80ಜಿ ಇದ್ದರೆ ದುಡ್ಡು ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. 2023ರಿಂದ ಯಾರೂ ಏನೂ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ನಿಮಗೆ 2,000 ಕೊಡುವ ಸಂಬಳದ ಜನರಲ್ಲಿ ಎಷ್ಟೋ ಮಂದಿಗೆ ಈಗ ತೆರಿಗೆಯ ಲಾಭವೇ ಇಲ್ಲ. ಹಳೇ ಪದ್ಧತಿಯಲ್ಲೇ ಇರುವವರಿಗೆ, ಡಾಕ್ಟರು, ವ್ಯಾಪಾರಸ್ಥರು, ಕಂಪನಿಗಳಿಗೆ ಇದು ಇನ್ನೂ ಬೇಕು. ಹಾಗಾಗಿ ಮಾಡಿಸಿ, ಆದರೆ ಅದನ್ನೇ ಜಾಹೀರಾತಿನ ಮೊದಲ ಸಾಲು ಮಾಡಬೇಡಿ. ಇನ್ನು ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ 80ಜಿ ಲೆಕ್ಕಕ್ಕೆ ಬರುವುದೇ ಇಲ್ಲ. ಊರಿನ ಹಿರಿಯರನ್ನು ಯುಪಿಐಗೆ ಒಪ್ಪಿಸಲು ಇದು ಒಳ್ಳೇ ಕಾರಣ.

ಕ್ಯೂಆರ್ ಯಾರ ಹೆಸರಿನಲ್ಲಿದೆ?

ನಮ್ಮ ಮೊದಲ ಕ್ಯೂಆರ್ ಅಧ್ಯಕ್ಷರ ಸ್ವಂತ ಫೋನಿಂದು. ತಕ್ಷಣಕ್ಕೆ ಅನುಕೂಲ ಅಂತ ಮಾಡಿದ್ದು. ದೇಣಿಗೆ ಅವರ ಖಾತೆಗೆ ಹೋಗಿ, ಅವರ ಹಾಲಿನ ದುಡ್ಡು, ಮಗಳ ಹಾಸ್ಟೆಲ್ ಫೀಸು, ಎಲ್ಲದರ ಜೊತೆ ಬೆರೆತುಹೋಯಿತು. ಅವರು ಒಂದು ರೂಪಾಯಿ ಮುಟ್ಟಿದವರಲ್ಲ. ಆದರೆ ಅದನ್ನು ಪ್ರತ್ಯೇಕ ಮಾಡಿ ತೋರಿಸಲು ನನಗೆ ಎರಡು ಭಾನುವಾರ ಹಿಡಿಯಿತು. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದು, ಅವರು ಕ್ಯೂಆರ್ ಕಿತ್ತುಹಾಕಿ 'ಓನ್ಲಿ ಕ್ಯಾಶ್' ಬೋರ್ಡ್ ಹಾಕಿದ್ದು ನೆನಪಿದೆ ಅಲ್ವಾ? ಖಾತೆಗೆ ಬಂದ ದುಡ್ಡು ಯಾರದ್ದು ಅಂತ ಆಮೇಲೆ ವಿವರಿಸುವುದು ಎಷ್ಟು ಕಷ್ಟ ಅಂತ ಆವಾಗ ಎಲ್ಲರಿಗೂ ಗೊತ್ತಾಯಿತು.

ಬ್ಯಾಂಕಿಗೆ ಹೋಗಿ ಸಂಸ್ಥೆಯ ಖಾತೆಗೇ ಕ್ಯೂಆರ್ ಕೇಳಿ. ಟ್ರಸ್ಟ್ ಡೀಡ್ ಅಥವಾ ಬೈಲಾ, ಪ್ಯಾನ್, ಪದಾಧಿಕಾರಿಗಳ ಪಟ್ಟಿ, ಖಾತೆ ಯಾರು ನಡೆಸಬೇಕು ಅನ್ನುವ ಠರಾವಿನ ಪ್ರತಿ, ಸೀಲು, ಇಷ್ಟು ತಗೊಂಡು ಹೋಗಿ. ಸೀಲು ಮರೆತರೆ ಖಂಡಿತ ಮತ್ತೆ ಬರಬೇಕಾಗುತ್ತದೆ. ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರೇ ಕಾಣಬೇಕು. ಕೊಡುವವರು ಪಿನ್ ಒತ್ತುವ ಮುಂಚೆ ನೋಡುವುದು ಆ ಹೆಸರನ್ನೇ.

ಹೆಸರಿಲ್ಲದ ದುಡ್ಡು ತಲೆನೋವು

ಈ ಭಾಗವನ್ನು ನಿಧಾನವಾಗಿ ಓದಿ. ಆನ್‌ಲೈನ್ ದೇಣಿಗೆಯಲ್ಲಿ ನಿಜವಾದ ಕೆಲಸ ಇರುವುದು ಇಲ್ಲೇ.

ಕ್ಯೂಆರ್‌ಗೆ 500 ರೂಪಾಯಿ ಬಂತು ಅಂದುಕೊಳ್ಳಿ. ಸ್ಟೇಟ್‌ಮೆಂಟಿನಲ್ಲಿ ಏನು ಕಾಣುತ್ತದೆ? ಒಂದು ಅರ್ಧಂಬರ್ಧ ಹೆಸರು, 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ನಂಬರ್), ಅಷ್ಟೇ. ವಿಳಾಸ ಇಲ್ಲ, ಪ್ಯಾನ್ ಇಲ್ಲ. ತೆರಿಗೆ ಕಾನೂನಿನ ಕಣ್ಣಿನಲ್ಲಿ ಕೊಟ್ಟವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳದ ದೇಣಿಗೆ ಅಂದರೆ ಅನಾಮಧೇಯ ದೇಣಿಗೆ. ಅದು ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೆ, ದಾಟಿದ ಮೊತ್ತಕ್ಕೆ ಶೇ 30 ತೆರಿಗೆ. ದಾನ ಅಂತ ಬಂದ ದುಡ್ಡಿಗೆ ಶೇ 30! ಹಾಗಾಗಿ ಬರೀ ಕ್ಯೂಆರ್ ಸ್ಟಿಕ್ಕರ್ ಹಂಚಿದರೆ ಸಾಲದು. ಕ್ಯೂಆರ್ ಜೊತೆ ಯಾವಾಗಲೂ ಒಂದು ಫಾರಂ ಲಿಂಕ್ ಇರಬೇಕು.

ಗೂಗಲ್ ಫಾರಂ ಸಾಕು, ಅದು ಪುಕ್ಕಟೆ. ಹೆಸರು, ವಿಳಾಸ, ಪ್ಯಾನ್, ಮೊತ್ತ, ಯುಟಿಆರ್, ಮತ್ತು 'ನೀವು ಭಾರತದ ಪ್ರಜೆಯೇ?' ಅನ್ನುವ ಒಂದು ಪ್ರಶ್ನೆ. ಈ ಕೊನೇ ಪ್ರಶ್ನೆ ಯಾಕೆ ಅಂತ ಮುಂದೆ ಹೇಳುತ್ತೇನೆ. ಹುಟ್ಟಿದ ದಿನ, ಕೆಲಸ, ನಮ್ಮ ಬಗ್ಗೆ ಹೇಗೆ ಗೊತ್ತಾಯಿತು, ಇಂಥದ್ದೆಲ್ಲ ಕೇಳಬೇಡಿ. ಒಂದೊಂದು ಪ್ರಶ್ನೆ ಜಾಸ್ತಿಯಾದಂತೆ ಅರ್ಧಕ್ಕೆ ಬಿಟ್ಟುಹೋಗುವವರೂ ಜಾಸ್ತಿ. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ ಬೇಡದ ಮಾಹಿತಿ ಕೂಡಿಹಾಕಿಕೊಂಡರೆ ಅದನ್ನು ಕಾಪಾಡುವ ಹೊಣೆಯೂ ನಿಮ್ಮದೇ.

ಆ ಫಾರಂನ ಹಿಂದಿರುವ ಶೀಟ್‌ನಲ್ಲಿ ಇನ್ನು ಮೂರು ಕಾಲಂ ಸೇರಿಸಿ: ರಸೀದಿ ನಂಬರ್, ಯಾವ ಕೆಲಸಕ್ಕೆ ಕೊಟ್ಟಿದ್ದು, ಥ್ಯಾಂಕ್ಸ್ ಹೇಳಿದ್ದು ಯಾವತ್ತು. ಯುಟಿಆರ್ ಕಾಲಂ ಅನ್ನು 'ಟೆಕ್ಸ್ಟ್' ಅಂತ ಮಾಡಿ. ಇಲ್ಲದಿದ್ದರೆ ಎಕ್ಸೆಲ್‌ಗೆ ಹಾಕಿದಾಗ ಆ 12 ಅಂಕಿ ಹೋಗಿ 4.2ಇ+11 ಅನ್ನುವ ವಿಚಿತ್ರ ಆಕಾರ ಬರುತ್ತದೆ. ನಾನು ಅದನ್ನು ನೋಡಿ ಕಂಪ್ಯೂಟರ್‌ಗೆ ವೈರಸ್ ಬಂತು ಅಂದುಕೊಂಡಿದ್ದೆ. ಪ್ರತಿ ಶನಿವಾರ ಅರ್ಧ ಗಂಟೆ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಕಡೆ, ಶೀಟ್ ಒಂದು ಕಡೆ ಇಟ್ಟು ತಾಳೆ ಹಾಕಿ. ವರ್ಷದ ಕೊನೆಗೆ ಮಾಡೋಣ ಅಂತ ಬಿಟ್ಟರೆ ಮುಗಿಯಿತು.

ಯಾಕೆ ಈ ಅವಸರ ಅಂದರೆ, ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಯಾರು ಯಾರು ಎಷ್ಟು ಕೊಟ್ಟರು ಅನ್ನುವ ಪಟ್ಟಿಯನ್ನು ಫಾರಂ 10ಬಿಡಿಯಲ್ಲಿ ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಬೇಕು. ಹಾಕಿದ ಮೇಲೆ ಪೋರ್ಟಲ್‌ನಿಂದಲೇ 10ಬಿಇ ಸರ್ಟಿಫಿಕೇಟ್ ಇಳಿಸಿಕೊಂಡು ಅದೇ ಗಡುವಿನೊಳಗೆ ಒಬ್ಬೊಬ್ಬರಿಗೂ ಕಳಿಸಬೇಕು. ನಿಮ್ಮ ರಸೀದಿ ಪುಸ್ತಕದ ಚೀಟಿ ಎಷ್ಟು ಚೆನ್ನಾಗಿದ್ದರೂ 80ಜಿಗೆ ಲೆಕ್ಕಕ್ಕೆ ಬರುವುದು ಆ ಸರ್ಟಿಫಿಕೇಟ್. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಹಾಕದೇ ಇದ್ದರೆ 10,000ದಿಂದ ಒಂದು ಲಕ್ಷದವರೆಗೆ ದಂಡ. ಒಂದು ಸಲ ನಾನೇ ಒಬ್ಬ ದಾನಿಯ ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಾಗಿ ಹಾಕಿದ್ದೆ, ಅವರು ಜುಲೈನಲ್ಲಿ ರಿಟರ್ನ್ ಹಾಕುವಾಗ ಸಿಕ್ಕಿಬಿದ್ದೆ. ತಿದ್ದುಪಡಿ ಹಾಕಲು ಅವಕಾಶ ಇದೆ, ಆದರೆ ಅವರ ಮುಂದೆ ಹೋದ ಮಾನ ವಾಪಸ್ ಬರಲು ಸ್ವಲ್ಪ ದಿನ ಬೇಕಾಯಿತು.

ಗೇಟ್‌ವೇ ಬೇಕಾ?

ತಿಂಗಳಿಗೆ ಹತ್ತಿಪ್ಪತ್ತು ಜನ ಕೊಡುವ ಸಂಸ್ಥೆಗೆ ಕ್ಯೂಆರ್ ಮತ್ತು ಫಾರಂ ಸಾಕು. ಅದಕ್ಕಿಂತ ಜಾಸ್ತಿ ಆದಾಗ, ಅಥವಾ ತಿಂಗಳು ತಿಂಗಳು ತಾನಾಗಿ ಕಟ್ ಆಗುವ ದೇಣಿಗೆ ಬೇಕು ಅಂದಾಗ, ಕಾರ್ಡ್, ಯುಪಿಐ ಪಾವತಿಗಳನ್ನೆಲ್ಲ ಪಡೆದು ನಿಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇಗೆ ಹೋಗಿ. ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೋ, ಇವೆಲ್ಲ ಬೆಂಗಳೂರಿನ ಕಂಪನಿಗಳೇ. ಇವುಗಳಲ್ಲಿ ವೆಬ್‌ಸೈಟ್ ಇಲ್ಲದೆಯೂ ಒಂದು ಪೇಮೆಂಟ್ ಪುಟ ಮಾಡಿ, ಅದರ ಲಿಂಕ್ ವಾಟ್ಸಾಪ್‌ನಲ್ಲಿ ಕಳಿಸಬಹುದು. ಹೆಸರು, ಪ್ಯಾನ್ ಎಲ್ಲ ಅದೇ ಪುಟದಲ್ಲಿ ತುಂಬಿಸಿಕೊಳ್ಳಬಹುದು. ಶನಿವಾರದ ತಾಳೆ ಕೆಲಸ ಅರ್ಧ ಕಡಿಮೆ.

ಖರ್ಚಿದೆ. ಕಾರ್ಡ್, ನೆಟ್‌ಬ್ಯಾಂಕಿಂಗ್‌ಗೆ ಸಾಮಾನ್ಯವಾಗಿ ಶೇ 2ರ ಆಸುಪಾಸು ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಅಂದರೆ ನೆಟ್‌ಬ್ಯಾಂಕಿಂಗ್‌ನಲ್ಲಿ 1,000 ರೂಪಾಯಿ ಬಂದರೆ ನಿಮ್ಮ ಖಾತೆಗೆ ಬೀಳುವುದು 976 ರೂಪಾಯಿ 40 ಪೈಸೆ. ರಸೀದಿ ಎಷ್ಟಕ್ಕೆ ಕೊಡಬೇಕು? 1,000ಕ್ಕೇ. ಉಳಿದ 23.60 ನಿಮ್ಮ ಖರ್ಚು, ಹಾಗೇ ಬರೆಯಿರಿ. ನಾವು ಮೊದಲು 976ಕ್ಕೆ ರಸೀದಿ ಕೊಟ್ಟು ಒಬ್ಬ ರಿಟೈರ್ಡ್ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡೆವು. 'ನಾನು ಸಾವಿರ ಕೊಟ್ಟೆ, 24 ಎಲ್ಲಿ ಹೋಯಿತು?' ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಇನ್ನೊಂದು ವಿಷಯ, ಗೇಟ್‌ವೇ ದುಡ್ಡು ಒಬ್ಬೊಬ್ಬರದ್ದು ಬಿಡಿಬಿಡಿಯಾಗಿ ಬರುವುದಿಲ್ಲ. ಎರಡು ಮೂರು ದಿನ ಬಿಟ್ಟು, ಹಲವರದ್ದು ಸೇರಿ ಒಂದೇ ಗಂಟಾಗಿ ಬ್ಯಾಂಕಿಗೆ ಬೀಳುತ್ತದೆ. ಅದನ್ನು ಬಿಡಿಸಿ ನೋಡಲು ಅವರ 'ಸೆಟಲ್‌ಮೆಂಟ್ ರಿಪೋರ್ಟ್' ಪ್ರತಿ ತಿಂಗಳು ಇಳಿಸಿ ಇಟ್ಟುಕೊಳ್ಳಿ, ಆಡಿಟರ್ ಮೊದಲು ಕೇಳುವುದು ಅದನ್ನೇ.

ತಿಂಗಳ ದೇಣಿಗೆ ಬಗ್ಗೆ ನನಗೆ ತುಂಬಾ ಪ್ರೀತಿ. ಯುಪಿಐ ಆಟೋಪೇಯಲ್ಲಿ ದಾನಿ ಒಂದು ಸಲ ಒಪ್ಪಿಗೆ ಕೊಟ್ಟರೆ, 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ತಿಂಗಳು ಪಿನ್ ಒತ್ತಬೇಕಿಲ್ಲ. ಕಟ್ ಆಗುವ 24 ಗಂಟೆ ಮುಂಚೆ ಅವರಿಗೆ ಮೆಸೇಜ್ ಹೋಗುತ್ತದೆ, ಬೇಡ ಅನಿಸಿದರೆ ಅವರ ಆ್ಯಪ್‌ನಲ್ಲೇ ನಿಲ್ಲಿಸಬಹುದು. ಇದನ್ನು ಮುಚ್ಚಿಡಬೇಡಿ, 'ಯಾವಾಗ ಬೇಕಾದರೂ ನಿಲ್ಲಿಸಬಹುದು' ಅಂತ ಮೊದಲೇ ಹೇಳಿದರೆ ಜನ ಧೈರ್ಯವಾಗಿ ಒಪ್ಪುತ್ತಾರೆ. ತಿಂಗಳಿಗೆ 200 ರೂಪಾಯಿಯಂತೆ 30 ಜನ ಇದ್ದರೆ 6,000. ನಮ್ಮ ಲೈಬ್ರರಿಯ ಬಾಡಿಗೆ, ಕರೆಂಟ್ ಬಿಲ್ ಅದರಲ್ಲೇ ನಡೆಯುತ್ತದೆ. ಒಮ್ಮೆ ಬರುವ 50,000ಕ್ಕಿಂತ ಇದು ನನಗೆ ನಿದ್ದೆ ಕೊಡುವ ದುಡ್ಡು.

ಕೇಳುವುದು

ನಮ್ಮ ಜನಕ್ಕೆ ಕೇಳಲು ನಾಚಿಕೆ. ಗಣೇಶನ ಚಂದಾ ಕೇಳುವ ಹುಡುಗರಿಗೆ ಇರುವ ಧೈರ್ಯ ಶಾಲೆಗೆ ಬೆಂಚು ಕೇಳುವವರಿಗೆ ಇರುವುದಿಲ್ಲ. ಆ ಹುಡುಗರನ್ನು ಸುಮ್ನೆ ಗಮನಿಸಿ ನೋಡಿ. ಮನೆ ಮುಂದೆ ಬಂದು ನಿಲ್ಲುತ್ತಾರೆ, ಪಕ್ಕದ ಮನೆಯವರು ಎಷ್ಟು ಕೊಟ್ಟರು ಅಂತ ರಸೀದಿ ಪುಸ್ತಕ ತಿರುವಿ ತೋರಿಸುತ್ತಾರೆ, ಇಷ್ಟು ಬರೆಯಲಾ ಅಂತ ಒಂದು ಮೊತ್ತ ಹೇಳುತ್ತಾರೆ, ಹಬ್ಬಕ್ಕೆ ಇನ್ನು ನಾಲ್ಕೇ ದಿನ ಅಂತಾರೆ. ಬೇಕಾದದ್ದೆಲ್ಲ ಅದರಲ್ಲೇ ಇದೆ. ಗೊತ್ತಿರುವ ಮುಖ, ಒಂದು ಮೊತ್ತ, ಒಂದು ಗಡುವು.

ನಾವು ಮೊದಲು ಕಳಿಸುತ್ತಿದ್ದ ಮೆಸೇಜ್ 'ಸಮಾಜದ ಸರ್ವಾಂಗೀಣ ಅಭಿವೃದ್ಧಿಗಾಗಿ ಉದಾರವಾಗಿ ಧನಸಹಾಯ ಮಾಡಬೇಕಾಗಿ ವಿನಂತಿ' ಅಂತ. ಓದಿದವರು ಕೈಮುಗಿದ ಇಮೋಜಿ ಹಾಕಿ ಸುಮ್ಮನಾಗುತ್ತಿದ್ದರು. ಆಮೇಲೆ ಒಂದು ಸಲ ಇದನ್ನು ಕಳಿಸಿದೆವು:

'ಮೇಡಂ ನಮಸ್ಕಾರ. ಸಂಜೆ ಲೈಬ್ರರಿಗೆ ಈಗ 40 ಮಕ್ಕಳು ಬರ್ತಾರೆ. ಕೂರಲು ಇರುವುದು 3 ಬೆಂಚು, ಇನ್ನೂ 5 ಬೇಕು. ಒಂದಕ್ಕೆ ನಮ್ಮೂರಿನ ಬಡಗಿ 3,200 ಹೇಳಿದ್ದಾರೆ. ಒಂದು ಬೆಂಚು, ಅಥವಾ ಅರ್ಧ ಬೆಂಚು ನಿಮ್ಮಿಂದ ಆಗುತ್ತಾ? ಆಗದಿದ್ದರೂ ಬೇಜಾರಿಲ್ಲ. ಈ ತಿಂಗಳ 20ರೊಳಗೆ ಹೇಳಿದರೆ ಸಾಕು.'

ಒಬ್ಬೊಬ್ಬರಿಗೂ ಹೆಸರು ಹಾಕಿ, ಒಂದೊಂದಾಗಿ ಕಳಿಸಿದ್ದು. ಐದು ಬೆಂಚಿನ 16,000 ಬಂದು ಮೇಲೆ 400 ಉಳಿಯಿತು. ಆ 400ಕ್ಕೆ ಎರಡು ಎಲ್‌ಇಡಿ ಬಲ್ಬ್ ತಂದೆವು, ಅದನ್ನೂ ಬರೆದು ಕಳಿಸಿದೆವು. ಬಲ್ಬ್ ಬಗ್ಗೆ ಓದಿದ ಒಬ್ಬರು ಫೋನ್ ಮಾಡಿ 'ಫ್ಯಾನ್ ಇದೆಯೇನ್ರೀ?' ಅಂದರು. ಫ್ಯಾನ್ ಬಂದದ್ದು ಹಾಗೆ.

ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಯಾರನ್ನೂ ಕೇಳಿದಂತಲ್ಲ. ಎಲ್ಲರೂ ಇನ್ನೊಬ್ಬರು ಕೊಡ್ತಾರೆ ಅಂದುಕೊಳ್ಳುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ, ಒಂದು ಲಿಸ್ಟ್‌ಗೆ 256 ಜನರವರೆಗೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನನಗೆ ಇದು ಗೊತ್ತಾಗಿದ್ದು ಎಂಟು ತಿಂಗಳು ಗಾಳಿಗೆ ಮೆಸೇಜ್ ಕಳಿಸಿದ ಮೇಲೆ. ಹಾಗಾಗಿ ಮೊದಲ ರಸೀದಿಯ ಜೊತೆಯಲ್ಲೇ 'ದಯವಿಟ್ಟು ಈ ನಂಬರ್ ಸೇವ್ ಮಾಡಿಕೊಳ್ಳಿ' ಅಂತ ಒಂದು ಸಾಲು ಸೇರಿಸಿ. ದೊಡ್ಡ ಮೊತ್ತ ಕೇಳುವಾಗ ಮಾತ್ರ ಬ್ರಾಡ್‌ಕಾಸ್ಟ್ ಬೇಡ, ಫೋನ್ ಮಾಡಿ.

ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಸಾಲಕ್ಕೆ ಹೇಳಿದ್ದು, ಆದರೆ ದೇಣಿಗೆಯಲ್ಲೂ ಜನಕ್ಕೆ ಅದೇ ಅನುಭವ. ಕೊಟ್ಟ ಮೇಲೆ ಒಂದು ಸುದ್ದಿ ಇರುವುದಿಲ್ಲ, ಮುಂದಿನ ವರ್ಷ ಮತ್ತೆ ಕೇಳಲು ಮಾತ್ರ ಬರುತ್ತಾರೆ. ದುಡ್ಡು ಬಂದ ದಿನವೇ ರಸೀದಿ, 24 ಗಂಟೆಯೊಳಗೆ ಒಂದು ವಾಯ್ಸ್ ಮೆಸೇಜ್, ಕೆಲಸ ಆದ ಮೇಲೆ ಒಂದು ಫೋಟೋ ಮತ್ತು ನಾಲ್ಕು ಸಾಲಿನ ಲೆಕ್ಕ. ಇಷ್ಟು ಮಾಡಿದವರಿಗೆ ಎರಡನೇ ಸಲ ಕೇಳಲು ಮುಜುಗರ ಆಗುವುದಿಲ್ಲ.

ಫೋಟೋ ಬಗ್ಗೆ ಒಂದು ಮಾತು. ಅಳುವ ಮಗುವಿನ ಮುಖ, ಹರಿದ ಅಂಗಿ, ಇವುಗಳಿಂದ ದುಡ್ಡು ಬರುತ್ತದೆ ಅಂತ ಹೇಳಿಕೊಡುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ನಮ್ಮದು ಸಣ್ಣ ಊರು, ಆ ಮಗು ನಾಳೆ ಬೆಳೆದು ಅದೇ ಬಸ್ ಸ್ಟ್ಯಾಂಡ್‌ನಲ್ಲಿ ನಿಲ್ಲಬೇಕು. ಕಾನೂನೂ ಇದೆ: ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರಲ್ಲಿ ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲು ಮಾಡುವಂತಿಲ್ಲ. ಬೇರೆ ಮಕ್ಕಳದ್ದಾದರೂ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ನಾವು ಹೆಚ್ಚಾಗಿ ಹಿಂದಿನಿಂದ ತೆಗೆದ ಫೋಟೋ ಹಾಕುತ್ತೇವೆ. ಪುಸ್ತಕದ ಮೇಲೆ ಬಗ್ಗಿದ ಆರು ಜಡೆ, ನಾಲ್ಕು ಕ್ರಾಪು. ಅದೇ ಚೆನ್ನಾಗಿ ಕಾಣುತ್ತದೆ.

ಅಮೆರಿಕದ ಚಿಕ್ಕಪ್ಪನ ಮಗ ಮತ್ತು ಎಫ್‌ಸಿಆರ್‌ಎ

ಪ್ರತಿ ಊರಿನಲ್ಲೂ ಹೊರದೇಶಕ್ಕೆ ಹೋದವರಿದ್ದಾರೆ, ಅವರಿಗೆ ಊರಿನ ಮೇಲೆ ಪ್ರೀತಿಯೂ ಇದೆ. ಕನ್ನಡ ಕೂಟಗಳ ಪರಿಚಯ ಇದ್ದರೆ ಅಲ್ಲಿಂದಲೂ ಕೊಡಲು ಮುಂದೆ ಬರುತ್ತಾರೆ. ಇಲ್ಲಿ ಕಣ್ಣುಮುಚ್ಚಿ ಅಕೌಂಟ್ ನಂಬರ್ ಕಳಿಸಿದರೆ ಸಂಸ್ಥೆಗೇ ಕುತ್ತು.

ನಿಯಮ ಹೀಗಿದೆ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ನೀವು ಪಾಸ್‌ಪೋರ್ಟ್ ಪ್ರತಿ ಒಂದು ಇಸ್ಕೊಂಡು ಫೈಲ್‌ನಲ್ಲಿ ಇಡಿ. ಆದರೆ ಅಲ್ಲಿಯ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಕಾನೂನಿನ ಪ್ರಕಾರ ವಿದೇಶಿ ಮೂಲ. ಅವರು ಇಲ್ಲಿನ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳ ರೂಪಾಯಿ ಖಾತೆ) ರೂಪಾಯಿಯಲ್ಲೇ ಕಳಿಸಿದರೂ ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಲ್ಲಿ ನೋಂದಣಿ ಅಥವಾ ಮುಂಗಡ ಅನುಮತಿ ಬೇಕೇ ಬೇಕು. ಈಗ ಗೊತ್ತಾಯಿತಲ್ಲ, ಫಾರಂನಲ್ಲಿ 'ಭಾರತದ ಪ್ರಜೆಯೇ' ಅಂತ ಯಾಕೆ ಕೇಳಿದ್ದು. ಇಲ್ಲ ಅಂದವರಿಗೆ ಕ್ಯೂಆರ್ ಕಾಣದ ಹಾಗೆ ಫಾರಂ ಮಾಡಬಹುದು. ಗೇಟ್‌ವೇ ಇದ್ದರೆ ಅಂತರರಾಷ್ಟ್ರೀಯ ಕಾರ್ಡ್ ಆಯ್ಕೆ ಆಫ್ ಆಗಿದೆಯಾ ಅಂತ ನೋಡಿ.

ಎಫ್‌ಸಿಆರ್‌ಎ ನೋಂದಣಿ ಸಣ್ಣವರಿಗೆ ಸುಲಭವಲ್ಲ. ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಹೊರಗಿನ ದುಡ್ಡು ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ಖರ್ಚು ಶೇ 20 ದಾಟುವಂತಿಲ್ಲ. ಬೇರೆ ನೋಂದಾಯಿತ ಸಂಸ್ಥೆಗೆ ಹಾಕಿಸಿ ಅಲ್ಲಿಂದ ನಿಮಗೆ ವರ್ಗ ಮಾಡಿಸಿಕೊಳ್ಳೋಣ ಅಂದರೆ, 2020ರ ತಿದ್ದುಪಡಿ ಅದನ್ನೂ ನಿಲ್ಲಿಸಿದೆ.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ಪ್ರಜೆ. 'ಅಣ್ಣ, ಅಪ್ಪನ ಅಕೌಂಟಿಗೆ ಹಾಕ್ತೀನಿ, ಅಲ್ಲಿಂದ ನೀನು ತಗೋ' ಅಂದ. ಬೇಡ ಅಂದೆ. ಅವನಿಗೆ ಬೇಜಾರಾಯಿತು, ನನಗೂ. ಕೊನೆಗೆ ಅವನು ದುಡ್ಡಿನ ಬದಲು ಎರಡು ರಾತ್ರಿ ಕೂತು ನಮ್ಮ ದೇಣಿಗೆ ಶೀಟ್ ರೆಡಿ ಮಾಡಿಕೊಟ್ಟ. ಹೆಸರು, ಮೊತ್ತ ತುಂಬಿದರೆ ರಸೀದಿ ಪಿಡಿಎಫ್ ಆಗಿ ತಾನಾಗಿ ಇಮೇಲ್ ಹೋಗುತ್ತದೆ. ನಾಲ್ಕು ವರ್ಷದಿಂದ ಅದೇ ನಡೆಯುತ್ತಿದೆ.

ಕ್ರೌಡ್‌ಫಂಡಿಂಗ್, ಓಟ, ಉತ್ಸವ

ಬೆಂಗಳೂರಿನ ಮಿಲಾಪ್, ಮುಂಬೈಯ ಕೆಟ್ಟೋ, ಇಂಪ್ಯಾಕ್ಟ್‌ಗುರು, ಹೀಗೆ ಹಲವರಿಂದ ದುಡ್ಡು ಕೂಡಿಸುವ ಕ್ರೌಡ್‌ಫಂಡಿಂಗ್ ತಾಣಗಳ ಹೆಸರು ನೀವು ಕೇಳಿರುತ್ತೀರಿ. ಒಬ್ಬರ ಆಪರೇಷನ್, ಪ್ರವಾಹದಲ್ಲಿ ಬಿದ್ದ ಶಾಲೆ, ಇಂಥ ತುರ್ತಿಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ದಿನನಿತ್ಯದ ಖರ್ಚಿಗೆ ಅಷ್ಟಾಗಿ ಇಲ್ಲ. ಪುಟ ಹಾಕಿದ ಕೂಡಲೇ ಅಪರಿಚಿತರು ಓಡಿಬಂದು ಕೊಡುತ್ತಾರೆ ಅನ್ನುವುದು ಸುಳ್ಳು. ಮೊದಲ ಮೂರು ದಿನದಲ್ಲಿ ನಿಮ್ಮ ಹತ್ತಿಪ್ಪತ್ತು ಜನರಿಂದಲೇ ಹಾಕಿಸಿ, ಖಾಲಿ ತಟ್ಟೆಗೆ ಯಾರೂ ಮೊದಲ ನಾಣ್ಯ ಹಾಕುವುದಿಲ್ಲ. ಇಂಥ ತಾಣಗಳಲ್ಲಿ ಪಾವತಿ ಮಾಡುವಾಗ ತಾಣಕ್ಕೆ ಟಿಪ್ ಸೇರಿಸುವ ಜಾಗ ಇರಬಹುದು. ಅದನ್ನು ಬದಲಾಯಿಸಬಹುದು ಅಂತ ನಿಮ್ಮ ದಾನಿಗಳಿಗೆ ಮೊದಲೇ ಹೇಳಿ, ಆಮೇಲೆ ನಿಮ್ಮನ್ನು ಬೈಯುವುದು ಬೇಡ.

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದಾನ್ ಉತ್ಸವ ಅನ್ನುವ ದಾನದ ವಾರ ನಡೆಯುತ್ತದೆ, 2009ರಿಂದ ಇದೆ. ಕಂಪನಿಗಳಲ್ಲಿ ಕೆಲಸ ಮಾಡುವ ನಿಮ್ಮೂರ ಹುಡುಗರು ಆ ವಾರ ತಮ್ಮ ಆಫೀಸಿನಲ್ಲಿ ನಿಮ್ಮ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಸಾಕು. 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ ಓಟದಲ್ಲೂ ಸಂಸ್ಥೆಗಳ ಪರವಾಗಿ ಓಡಿ ದೇಣಿಗೆ ಎತ್ತುವ ವ್ಯವಸ್ಥೆ ಇದೆ. ಓಡಲು ಆಗದವರೂ ನಡೆದು ಮುಗಿಸಬಹುದು. ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಹೊಣೆಯಾಗಿ ಕೊಡುವ ದುಡ್ಡು) ಬೇರೆಯದೇ ಆಟ, ಅದಕ್ಕೆ ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು, ಪ್ರಪೋಸಲ್ ಬರೆಯುವ ತಾಳ್ಮೆ ಬೇಕು. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಪುಕ್ಕಟೆ ಸಾಮಾನು, ಮತ್ತು ನುಡಿ ಫಾಂಟ್

ನೋಂದಾಯಿತ ಸಂಸ್ಥೆಗಳಿಗೆ ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್ ಮೂಲಕ ಸಂಸ್ಥೆಯ ಹೆಸರಿನ ಇಮೇಲ್ ಉಚಿತ. ಕ್ಯಾನ್ವಾ ಕೂಡ ಉಚಿತ, ಪೋಸ್ಟರ್‌ಗೆ ಅದು ಸಾಕು. ಗೂಗಲ್‌ನವರು ತಿಂಗಳಿಗೆ 10,000 ಡಾಲರ್ ಬೆಲೆಯ ಹುಡುಕಾಟದ ಜಾಹೀರಾತನ್ನೂ ಕೊಡುತ್ತಾರೆ. ಕೇಳಲು ಬಹಳ ಚೆಂದ. ಆದರೆ ನಮ್ಮ ತಾಲ್ಲೂಕಿನ ಲೈಬ್ರರಿಯನ್ನು ಗೂಗಲ್‌ನಲ್ಲಿ ಹುಡುಕುವವರು ಯಾರು? ಕ್ಯಾನ್ಸರ್, ದತ್ತು, ನಾಯಿಗಳ ರಕ್ಷಣೆ, ಹೀಗೆ ಜನ ಹುಡುಕಿಕೊಂಡು ಬರುವ ವಿಷಯದಲ್ಲಿ ಕೆಲಸ ಮಾಡುವವರಿಗೆ ಅದು ಉಪಯೋಗ.

ವೆಬ್‌ಸೈಟ್ ಈಗ ಮಾಡಬಹುದು, ಒಂದೇ ಪುಟ ಸಾಕು. ಏನು ಮಾಡುತ್ತೀರಿ, ಯಾರು ನಡೆಸುತ್ತೀರಿ, ಕಳೆದ ವರ್ಷದ ಆಡಿಟ್ ಆದ ಲೆಕ್ಕ, 80ಜಿ ಪ್ರತಿ, ಫೋನ್ ನಂಬರ್. ಇಲ್ಲಿ ಒಂದು ಪಕ್ಕಾ ಕನ್ನಡದ ಸಮಸ್ಯೆ ಬರುತ್ತದೆ. ಹಳೇ ವರದಿಗಳೆಲ್ಲ 'ನುಡಿ' ಅಥವಾ 'ಬರಹ' ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಡಿಟಿಪಿ ಮಾಡಿಸಿದ್ದಾಗಿರುತ್ತವೆ. ಅದನ್ನು ಕಾಪಿ ಮಾಡಿ ವೆಬ್‌ಸೈಟ್‌ಗೋ ವಾಟ್ಸಾಪ್‌ಗೋ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಈ ಹಳೇ ಫಾಂಟ್‌ಗಳ ಆಸ್ಕಿಯಿಂದ, ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ, ಬದಲಾಯಿಸಿದ ಮೇಲೆ ಅರ್ಕಾವೊತ್ತು ಸರಿಯಾಗಿದೆಯಾ ಅಂತ ಒಮ್ಮೆ ಓದಿ. ಇನ್ನು ಮುಂದೆ ಡಿಟಿಪಿ ಅಂಗಡಿಯವರಿಗೆ ಯೂನಿಕೋಡ್‌ನಲ್ಲೇ ಕೊಡಿ ಅಂತ ಹೇಳಿ. ಬೆಂಗಳೂರಿನ ದಾನಿಗಳಿಗೆ ಇಂಗ್ಲಿಷ್ ಬೇಕು ಅನ್ನುವ ಭ್ರಮೆಯೂ ಬೇಡ. ನಮಗೆ ಉತ್ತರ ಬರುವುದು ಕನ್ನಡ ಮೆಸೇಜ್‌ಗಳಿಗೇ ಜಾಸ್ತಿ.

ಫೋನ್ ಯಾರ ಕೈಯಲ್ಲಿದೆ?

ಕೊನೆಯದಾಗಿ ಕಳ್ಳರ ವಿಷಯ. 'ಸಾರ್, 500 ಹಾಕುವ ಬದಲು 5,000 ಹಾಕಿಬಿಟ್ಟೆ, 4,500 ವಾಪಸ್ ಕಳಿಸಿ' ಅಂತ ಸ್ಕ್ರೀನ್‌ಶಾಟ್ ಜೊತೆ ಮೆಸೇಜ್ ಬರುತ್ತದೆ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ತೆರೆದು ನೋಡಿ. ನಿಜವಾಗಿ ಬಂದಿದ್ದರೂ ಬ್ಯಾಂಕಿನ ಮೂಲಕವೇ, ಬಂದ ಖಾತೆಗೇ ವಾಪಸ್. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಭೆಯ ಗೇಟಿನಲ್ಲಿ ಅಂಟಿಸಿದ ಕ್ಯೂಆರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿದೆಯಾ ಅಂತ ಬೆಳಿಗ್ಗೆ ಒಂದು ಸಲ ನೀವೇ ಸ್ಕ್ಯಾನ್ ಮಾಡಿ ನೋಡಿ.

ಆದರೆ ಕಳ್ಳರಿಗಿಂತ ನಮಗೆ ಜಾಸ್ತಿ ಕಾಟ ಕೊಟ್ಟದ್ದು ನಮ್ಮದೇ ಒಟಿಪಿ. ಹಳೇ ಕಾರ್ಯದರ್ಶಿಯ ನಂಬರಿಗೆ ತೆರಿಗೆ ಪೋರ್ಟಲ್, ಅಧ್ಯಕ್ಷರ ನಂಬರಿಗೆ ಬ್ಯಾಂಕ್, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ಗೆ ಡೊಮೇನ್. ಹಳೇ ಕಾರ್ಯದರ್ಶಿ ಮಗನ ಮನೆಗೆ ಅಂತ ಪುಣೆಗೆ ಹೋದರು, ಹುಡುಗ ಕೆಲಸ ಬದಲಾಯಿಸಿದ, ಮೇ 29ರ ರಾತ್ರಿ ನಾನು 10ಬಿಡಿ ಹಾಕಲು ಕೂತು ಒಟಿಪಿಗೋಸ್ಕರ ಪುಣೆಗೆ ಹನ್ನೊಂದು ಸಲ ಫೋನ್ ಮಾಡಿದೆ. ಈಗ ಸಂಸ್ಥೆಗೇ ಅಂತ ಒಂದು ಸಿಮ್, ಒಂದು ಹಳೇ ಫೋನ್, ಒಂದು ಇಮೇಲ್ ಇದೆ. ಪೋರ್ಟಲ್, ಗೇಟ್‌ವೇ, ಡೊಮೇನ್, ವಾಟ್ಸಾಪ್ ಬಿಸಿನೆಸ್ ಎಲ್ಲವನ್ನೂ ಅದಕ್ಕೇ ಬದಲಾಯಿಸಿದ್ದೇವೆ. ಎರಡು ಹಂತದ ಪಾಸ್‌ವರ್ಡ್ ಆನ್ ಇದೆ, ಪಾಸ್‌ವರ್ಡ್‌ಗಳನ್ನು ಬರೆದ ಲಕೋಟೆಗೆ ಸೀಲು ಹಾಕಿ ಬೀರುವಿನಲ್ಲಿ ಇಟ್ಟಿದ್ದೇವೆ, ಪದಾಧಿಕಾರಿ ಬದಲಾದ ದಿನವೇ ಹೊಸ ಪಾಸ್‌ವರ್ಡ್. ಆ ಸಿಮ್‌ಗೆ ರೀಚಾರ್ಜ್ ಮಾಡಿಸುವ ತಾರೀಖನ್ನು ಲೈಬ್ರರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇವೆ. ನಾನು ಮರೆತರೂ ಸಂಜೆ ಬರುವ ಮಕ್ಕಳು ನೆನಪು ಮಾಡುತ್ತಾರೆ.